ಗಂಡನ ಸಹಿ ಇಲ್ಲದೆ ಗರ್ಭಪಾತ ಮಾಡಿಸಬಹುದಾ?

ದಾವಣಗೆರೆಯವಳು: ಮಗಳಿನ್ನೂ ಅಂಬೆಗಾಲಿಡುತ್ತಿದ್ದಾಳೆ, ಹಾಲು ಬಿಡಿಸಿಲ್ಲ. ಟೆಸ್ಟಿನಲ್ಲಿ ಎರಡು ಗೆರೆ ಬಂದಿದೆ. ಈಗ ಇನ್ನೊಂದು ಮಗು ನನ್ನಿಂದ ಖಂಡಿತ ಆಗಲ್ಲ. ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿ "ಗಂಡನ ಸಹಿ ಬೇಕು" ಅಂದರು. ಅವರು ದುಬೈನಲ್ಲಿದ್ದಾರೆ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಸುಮ್ನೆ ನುಂಗಿಬಿಡಲಾ?

ನರ್ಸ್ ಅಕ್ಕ: ಬೇಡ ತಂಗಿ, ಮೊದಲು ಸ್ಕ್ಯಾನ್ ಮಾಡಿಸಿ. ಗರ್ಭ, ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡಲ್ಲ, ಜೀವಕ್ಕೇ ಅಪಾಯ. ಹಾಲೂಡಿಸುವಾಗ ಮುಟ್ಟು ಸರಿಯಾಗಿ ಬರಲ್ಲ ಅಲ್ವಾ, ಎಷ್ಟು ವಾರ ಅಂತ ಸ್ಕ್ಯಾನಿನಲ್ಲೇ ಗೊತ್ತಾಗಬೇಕು. ಒಂಬತ್ತು ವಾರದೊಳಗಾದರೆ ಡಾಕ್ಟರ್ ಮಾತ್ರೆ ಕೊಡಬಹುದು. ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಹೊಟ್ಟೆ ಹಿಂಡುತ್ತದೆ, ಮುಟ್ಟಿಗಿಂತ ಜಾಸ್ತಿ ರಕ್ತ ಹೋಗುತ್ತದೆ. ಸತತ ಎರಡು ಗಂಟೆ, ಪ್ರತಿ ಗಂಟೆಗೂ ಎರಡು ದೊಡ್ಡ ಪ್ಯಾಡ್ ನೆನೆದರೆ, ಜ್ವರ ಇಳಿಯದಿದ್ದರೆ, ತಕ್ಷಣ ಆಸ್ಪತ್ರೆಗೆ ಹೋಗಿ. ಒಂಬತ್ತು ವಾರ ಮೀರಿದ್ದರೆ ಹೀರಿ ತೆಗೆಯುವ ವಿಧಾನವಿದೆ. ಹಾಲೂಡಿಸುತ್ತಿರೋದನ್ನು ಡಾಕ್ಟರಿಗೆ ಹೇಳಿ.

ಕಾನೂನು ಓದಿದವಳು: ಆ ಸಹಿಯ ಮಾತು ಕೇಳಿ ಸಿಟ್ಟು ಬಂತು. 1971ರ ಎಂಟಿಪಿ ಕಾಯ್ದೆ, ಅಂದರೆ ವೈದ್ಯಕೀಯ ಗರ್ಭಪಾತದ ಕಾನೂನಿನ ಪ್ರಕಾರ 18 ತುಂಬಿದ, ಮಾನಸಿಕ ಕಾಯಿಲೆ ಇಲ್ಲದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಗಂಡ, ಅತ್ತೆ ಯಾರ ಸಹಿಯೂ ಬೇಡ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿದ್ದೂ ಒಪ್ಪುವ ಕಾರಣ. ನಿಮ್ಮ ಹೆಸರು ಗುಟ್ಟಾಗಿಡಲೇಬೇಕು. ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕೇಳಿ.

ದಾವಣಗೆರೆಯವಳು: ನಾಳೆ ಬೆಳಿಗ್ಗೆ ಅಮ್ಮನ ಜೊತೆ ಹೋಗುತ್ತೇನೆ. ಆಮೇಲೆ ಕಾಪರ್-ಟಿ ಹಾಕಿಸಬಹುದಾ ಅಕ್ಕ?

ನರ್ಸ್ ಅಕ್ಕ: ಹಾಕಿಸಬಹುದು. ಮಾತ್ರೆಯಾದರೆ ಪೂರ್ತಿ ಹೋಗಿದೆ ಅಂತ ಖಚಿತವಾದ ಮೇಲೆ.