ಸೊಟ್ಟಗಾಲು ಅಂದರೆ ಯಾವ ಕಾಲು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಒಂದು ಪದದ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ತಂಗಿ ಮಗನಿಗೆ ಈಗ 1 ವರ್ಷ 4 ತಿಂಗಳು. ನಡೆಯೋಕೆ ಶುರು ಮಾಡಿ ಎರಡು ತಿಂಗಳಾಯಿತು. ಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿ, ಇಡೀ ಅಂಗಾಲನ್ನು ಪಟ್ ಪಟ್ ಅಂತ ನೆಲಕ್ಕೆ ಬಡಿಯುತ್ತಾ ಬರುತ್ತಾನೆ. ಹಿಮ್ಮಡಿ ಮೊದಲು ಊರಿ ನಡೆಯುವುದು ಇನ್ನೂ ಬಂದಿಲ್ಲ, ಅದು ಸುಮಾರು ಎರಡು ವರ್ಷದ ಹೊತ್ತಿಗೆ ಬರುತ್ತಂತೆ. ಮೊನ್ನೆ ಮನೆಗೆ ಬಂದಿದ್ದ ದೊಡ್ಡವ್ವ ಮಂಡಕ್ಕಿ ತಿನ್ನುತ್ತಾ ಅವನನ್ನೇ ನೋಡುತ್ತಿದ್ದವರು, "ಏನವ್ವಾ, ಹುಡುಗಂದು ಸೊಟ್ಟಗಾಲು ಇದ್ದಂಗೈತಲ್ಲ" ಅಂದುಬಿಟ್ಟರು. ತಂಗಿಗೆ ಆ ರಾತ್ರಿ ನಿದ್ದೆ ಇಲ್ಲ.

ಮಾರನೇ ದಿನ ಡಾಕ್ಟರ ಹತ್ತಿರ ಹೋದೆವು. ಅವರು ನಕ್ಕರು. ಎರಡು ವರ್ಷದವರೆಗೆ ಮಕ್ಕಳ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗಿರುತ್ತೆ, ಮೂರು ನಾಲ್ಕು ವರ್ಷಕ್ಕೆ ತಿರುಗುಮುರುಗಾಗಿ ಮಂಡಿಗೆ ಮಂಡಿ ತಾಗುತ್ತೆ, ಏಳರ ಹೊತ್ತಿಗೆ ತಾನಾಗಿ ನೆಟ್ಟಗಾಗುತ್ತೆ, ಸುಮ್ನೆ ಇರಿ ಅಂದರು. ಒಂದೇ ಕಾಲು ಬಾಗಿದ್ದರೆ ಅಥವಾ ಬಾಗು ಜಾಸ್ತಿ ಆಗ್ತಾ ಹೋದರೆ ಮಾತ್ರ ಬನ್ನಿ ಅಂದರು.

ನನ್ನ ತಲೆಗೆ ಹುಳ ಬಿಟ್ಟಿದ್ದು ಇದಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬ ತಾಯಿ, ತೊಡೆ ಮೇಲೆ ಇಪ್ಪತ್ತು ದಿನದ ಕೂಸು. ಬೆರಳ ತುದಿ ಬಿಟ್ಟು ತೊಡೆಯವರೆಗೆ ಪ್ಲಾಸ್ಟರು. ಏನಾಗಿದೆ ಅಂತ ಕೇಳಿದರೆ "ಸೊಟ್ಟಗಾಲು ರೀ" ಅಂದರು! ಆ ಕೂಸಿಗೆ ಹುಟ್ಟಿದಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿತ್ತಂತೆ. ವಾರಕ್ಕೊಮ್ಮೆ ಪಾದವನ್ನು ಚೂರುಚೂರೇ ತಿರುಗಿಸಿ ಹೊಸ ಪ್ಲಾಸ್ಟರು ಹಾಕುತ್ತಾರೆ. ಆಮೇಲೆ ಎರಡನ್ನೂ ನಡುವೆ ಸೇರಿಸುವ ಗಟ್ಟಿ ಪಟ್ಟಿ ಇರುವ ಜೋಡಿ ಬೂಟು, ಮೊದಲು ಹಗಲೂ ರಾತ್ರಿ, ನಂತರ ಮಲಗುವಾಗ ಮಾತ್ರ, ಸುಮಾರು ನಾಲ್ಕು ವರ್ಷದವರೆಗೆ. ಇಗ್ನಾಸಿಯೊ ಪೊನ್ಸೆಟಿ ಅನ್ನೋ ವೈದ್ಯರು ಅಮೆರಿಕದ ಅಯೋವಾದಲ್ಲಿ ರೂಢಿಗೆ ತಂದ ವಿಧಾನ ಇದು. ಸುಮ್ನೆ ಬಿಟ್ಟರೆ ಈ ಪಾದ ನೆಟ್ಟಗಾಗಲ್ಲ.

ಅಂದರೆ ಸುಮ್ನೆ ಬಿಡಬೇಕಾದ ಕಾಲಿಗೂ ಬಿಡಲೇಬಾರದ ಕಾಲಿಗೂ ನಮ್ಮಲ್ಲಿ ಒಂದೇ ಪದ. ಒಬ್ಬ ತಾಯಿ ಸುಮ್ನೆ ಹೆದರುತ್ತಾಳೆ, ಇನ್ನೊಬ್ಬಳಿಗೆ ಅಕ್ಕಪಕ್ಕದವರು "ಬೆಳೀತಾ ಸರಿ ಹೋಗುತ್ತೆ ಬಿಡು" ಅಂತಾರೆ.

ಇದಕ್ಕೆ ಕಾರಣ ‘ಕಾಲು’ ಪದವೇ ಅಂತ ನನಗನಿಸುತ್ತೆ. ತೊಡೆಯಿಂದ ಬೆರಳವರೆಗೆ ಎಲ್ಲಾ ಕಾಲೇ. ಕಾಲು ತೊಳಕೊಂಡು ಬಾ ಅಂದರೆ ಪಾದ, ಕಾಲು ಮುರೀತು ಅಂದರೆ ಎಲ್ಲಿ ಅಂತ ಕೇಳಬೇಕು. ಪಾದ ಅನ್ನೋದು ನಮ್ಮ ಮನೆಯಲ್ಲಿ ದೇವರಿಗೆ, ಗುರುಗಳಿಗೆ ಮೀಸಲು. ಹಳೆಯ ‘ಅಡಿ’ ಈಗ ಸೈಟಿನ ಅಳತೆಗೆ ಉಳಿದಿದೆ. ಮಕ್ಕಳ ಪುಟ್ಟ ಹೆಜ್ಜೆಗೆ ‘ದಟ್ಟಡಿ’ ಅಂತ ಎಷ್ಟು ಚೆಂದದ ಪದ ಇತ್ತು, ಈಗ ‘ತಪ್ಪು ಹೆಜ್ಜೆ’ ಅಂತೀವಿ. ಪಾಪ, ಅದು ಮಾಡಿದ ತಪ್ಪೇನು?

ಇನ್ನೊಂದು. ಸ್ನಾನ ಆದ ಮೇಲೆ ನಮ್ಮ ಹುಡುಗ ಒದ್ದೆ ಕಾಲಲ್ಲಿ ಕಡಪಾ ಕಲ್ಲಿನ ಮೇಲೆ ಓಡುತ್ತಾನೆ. ಗುರುತು ನೋಡಿದರೆ ಪುಟ್ಟ ಇಟ್ಟಿಗೆ ಹಾಗೆ ತುಂಬಿಕೊಂಡಿರುತ್ತೆ. ಪಕ್ಕದಲ್ಲೇ ಏಳು ವರ್ಷದ ಅವನ ಅಕ್ಕನ ಗುರುತು, ನಡುವೆ ಒಳಗೆ ಕಚ್ಚಿದ ಹಾಗೆ ಖಾಲಿ. ಚಿಕ್ಕ ಮಕ್ಕಳಿಗೆ ಅಲ್ಲಿ ಕೊಬ್ಬಿನ ಮೆತ್ತೆ ಇರುತ್ತೆ, ನಡೀತಾ ನಡೀತಾ ವರ್ಷಗಟ್ಟಲೆ ಆದಮೇಲೆ ಆ ತಗ್ಗು ಕಾಣುತ್ತೆ. ಇದು ಗೊತ್ತಿಲ್ಲದೆ ತಂಗಿ ಅಂಗಡಿಯವನ ಮಾತು ಕೇಳಿ ಒಳಗೆ ಉಬ್ಬು ಇರುವ ದುಬಾರಿ ಶೂ ತಂದಿದ್ದಳು. ಮನೆಯೊಳಗೆ ಬರಿಗಾಲೇ ಒಳ್ಳೇದು ಅಂದರು ಡಾಕ್ಟರು. ಆ ತಗ್ಗಿಗೆ ಪುಸ್ತಕದವರು ‘ಕಮಾನು’ ಅಂತಾರೆ. ನನಗೆ ಕಮಾನು ಅಂದರೆ ಚಿತ್ರದುರ್ಗದ ಕೋಟೆ ಬಾಗಿಲು ನೆನಪಾಗುತ್ತೆ.

ಈಗ ಪ್ರಶ್ನೆ. ನಮ್ಮ ಹುಡುಗನ ಹಾಗೆ ಹೊರಗೆ ಬಾಗಿದ ಕಾಲಿಗೆ ‘ಬಿಲ್ಲುಗಾಲು’ ಅಂತ ಬರೆದರೆ ನಿಮ್ಮ ಕಡೆ ಅರ್ಥ ಆಗುತ್ತಾ? ಹುಟ್ಟಿನಿಂದ ತಿರುಚಿದ ಪಾದಕ್ಕೆ ‘ತಿರುಚುಪಾದ’ ಅಂದರೆ ಕಿವಿಗೆ ಒರಟಾಗುತ್ತಾ? ಅಂಗಾಲಿನ ತಗ್ಗಿಗೆ ಚಳ್ಳಕೆರೆ, ಹೊಳಲ್ಕೆರೆ, ಹಿರಿಯೂರು ಕಡೆ ಅಜ್ಜಿಯರು ಏನಂತಾರೆ? ನಿಘಂಟು ನೋಡಿ ಹೇಳಬೇಡಿ, ಮನೆಯಲ್ಲಿ ಕೇಳಿ ಹೇಳಿ.