ಅಪ್‌ಡೇಟ್: ಅಂಟಿಸಿದ ಸೋಲ್ ಈಗ ಬಿಚ್ಚಿಕೊಳ್ಳುತ್ತಿಲ್ಲ

ಮನೆಯಲ್ಲೇ ಶೂ ರಿಪೇರಿ ಶುರು ಮಾಡಿದ್ದೇನೆ, ಸ್ಪೋರ್ಟ್ಸ್ ಶೂ ಸೋಲ್ ಅಂಟಿಸಿಕೊಟ್ಟರೆ ಬೇಗನೆ ಬಿಚ್ಚಿ ವಾಪಸ್ ಬರುತ್ತಿದೆ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ) ಅಂಟು ಹಚ್ಚಿ, ಬಿಸಿ ಮಾಡಿ ಕೂಡಿಸಿ ಎಂದವರ ಮಾತೇ ಸರಿ. ಹಳೇ ಅಂಟನ್ನು ಪೂರ್ತಿ ಕೆರೆದು, 80 ನಂಬರ್ ಎಮರಿ ಪೇಪರ್‌ನಿಂದ ಎರಡೂ ಕಡೆ ಉಜ್ಜಿ, ಧೂಳು ಒರೆಸಬೇಕು. ಎರಡೂ ಕಡೆ ತೆಳುವಾಗಿ ಅಂಟು ಹಚ್ಚಿ ಸುಮಾರು 15 ನಿಮಿಷ ಒಣಗಲು ಬಿಡಿ, ಬೆರಳಿಟ್ಟರೆ ಮೆತ್ತಿಕೊಳ್ಳಬಾರದು. ಬಟ್ಟೆಯ ಕಡೆ ಅಂಟು ಹೀರಿಕೊಳ್ಳುತ್ತದೆ, ಅಲ್ಲಿಗೆ ಇನ್ನೊಂದು ಕೋಟ್. ಆಮೇಲೆ ಹೀಟ್ ಗನ್‌ನಿಂದ ಅಂಟು ಮತ್ತೆ ಮಿನುಗುವವರೆಗೆ ಬಿಸಿ ಮಾಡಿ, ತಕ್ಷಣ ಮುಂಭಾಗದಿಂದ ಕೂಡಿಸುತ್ತಾ ಬಂದು ಸುತ್ತಿಗೆಯಿಂದ ಬಡಿಯಿರಿ. ಆಮೇಲೆ 24 ಗಂಟೆ ಶೂ ಹಾಕಿಕೊಳ್ಳಬಾರದು. ಹಗುರವಾದ ಇವಿಎ (ಒಂದು ಬಗೆಯ ಫೋಮ್) ಸೋಲ್ ಆದರೆ ಮೊದಲು ಅದರದೇ ಪ್ರೈಮರ್, ಅಂದರೆ ಅಂಟು ಹಿಡಿಯುವಂತೆ ಮಾಡುವ ದ್ರವ, ಬೇಕೇ ಬೇಕು.

ಸೂಪರ್ ಗ್ಲೂ ಸಲಹೆ ಫಲಿಸಲಿಲ್ಲ. ಅದು ಗಾಜಿನಂತೆ ಗಟ್ಟಿಯಾಗಿ, ಪಾದ ಬಾಗುವ ಜಾಗದಲ್ಲೇ ಸೀಳುತ್ತದೆ. ರಾತ್ರಿಯಿಡೀ ಭಾರ ಹೇರುವುದರಿಂದಲೂ ಲಾಭವಿಲ್ಲ, ಕೂಡಿಸುವ ಕ್ಷಣದ ಒತ್ತಡವೇ ಮುಖ್ಯ.

ಗೊತ್ತಿರದಿದ್ದ ಸಂಗತಿ ಇನ್ನೊಂದು: ವರ್ಷಗಟ್ಟಲೆ ಡಬ್ಬದಲ್ಲಿಟ್ಟ ಶೂನ ಪಿಯು ಸೋಲ್, ಗಾಳಿಯ ತೇವಕ್ಕೆ ಒಳಗೇ ಶಿಥಿಲವಾಗಿರುತ್ತದೆ. ಕೆಲಸ ಒಪ್ಪಿಕೊಳ್ಳುವ ಮುಂಚೆ ಉಗುರಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಯಾವ ಅಂಟೂ ನಿಲ್ಲದು, ಹೊಸ ಸೋಲೇ ಹಾಕಬೇಕು ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ.