ಕಾಲಿನ ರಕ್ತನಾಳದ ಬ್ಲಾಕ್‌ಗೆ ಬೈಪಾಸ್ ಅಂತಿದಾರೆ, ಮುಂಚೆ ಯಾವ ಟೆಸ್ಟ್ ಮಾಡ್ಸಿದ್ರಿ?

ಅಪ್ಪಂಗೆ 68, ಇಪ್ಪತ್ತು ವರ್ಷದ ಶುಗರ್. ಸ್ವಲ್ಪ ನಡೆದ್ರೆ ಮೀನಖಂಡ ಹಿಡ್ಕೊಳತ್ತೆ, ನಿಂತ್ರೆ ಸರಿಹೋಗತ್ತೆ, ಈಗ ಹೆಬ್ಬೆರಳಲ್ಲಿ ಗಾಯ ಬೇರೆ, ಒಂದೂವರೆ ತಿಂಗಳಾದ್ರೂ ಮಾಯ್ತಿಲ್ಲ. ಕಾಲಿನ ಬಿಪಿ ನೋಡೋ ಎಬಿಐ ಟೆಸ್ಟಲ್ಲಿ 1.45 ಬಂತು. ಟೆಸ್ಟ್ ಮಾಡಿದವ್ರು ಕಮ್ಮಿ ಇಲ್ವಲ್ಲ ಅಂದ್ರು, ಡಾಕ್ಟ್ರು ಬ್ಲಾಕ್ ಇದೆ ಅಂತಾರೆ. ಯಾರ ಮಾತು ನಂಬೋದು?

— ಡಾಕ್ಟ್ರ ಮಾತು. ನಮ್ಮಮ್ಮಂದೂ ಇದೇ ಕಥೆ. ಎಬಿಐ ಅಂದ್ರೆ ಕಾಲಿನ ಹರಡಿನ ಹತ್ರದ ಬಿಪಿನ ತೋಳಿನ ಬಿಪಿಯಿಂದ ಭಾಗಿಸೋದು, 0.9 ಅಥ್ವಾ ಅದಕ್ಕಿಂತ ಕಮ್ಮಿ ಬಂದ್ರೆ ಬ್ಲಾಕ್ ಅಂತ. ಆದ್ರೆ ಹಳೇ ಶುಗರ್‌ನವರಿಗೆ, ಕಿಡ್ನಿ ತೊಂದ್ರೆ ಇರೋರಿಗೆ ನಾಳದ ಗೋಡೆ ಸುಣ್ಣ ಕಟ್ಟಿ ಗಟ್ಟಿಯಾಗಿರತ್ತೆ, ಬಿಪಿ ಪಟ್ಟಿಗೆ ಎಷ್ಟು ಗಾಳಿ ತುಂಬಿದ್ರೂ ಅಮುಕಕ್ಕೇ ಆಗಲ್ಲ, ನಂಬರ್ ಸುಮ್ನೆ ಏರತ್ತೆ. 1.4 ದಾಟಿದ್ರೆ ಆ ಟೆಸ್ಟ್ ಇವ್ರಿಗೆ ಲೆಕ್ಕಕ್ಕಿಲ್ಲ ಅಷ್ಟೇ. ಕಾಲ್ಬೆರಳಿನ ಪ್ರೆಷರ್ ನೋಡಕ್ಕೆ ಹೇಳಿ, ಬೆರಳಿನ ಸಣ್ಣ ನಾಳ ಸಾಮಾನ್ಯವಾಗಿ ಅಷ್ಟು ಗಟ್ಟಿಯಾಗಲ್ಲ. ಹೆಬ್ಬೆರಳಲ್ಲೇ ಗಾಯ ಇದ್ರೆ ಪಕ್ಕದ ಬೆರಳಲ್ಲಿ ನೋಡ್ತಾರೆ. ಅಮ್ಮಂಗೆ ಅಲ್ಲಿ 28 ಬಂತು. 30ರ ಕೆಳಗಿದ್ರೆ ಗಾಯ ತಾನಾಗೇ ಮಾಯೋದು ಕಷ್ಟ ಅಂತ ಆವತ್ತೇ ಅಡ್ಮಿಟ್ ಮಾಡ್ಕೊಂಡ್ರು. ಹಾಂ, ಕಾಲು ಬೆಚ್ಚಗಿರ್ಲಿ, ಏಸಿ ರೂಮಲ್ಲಿ ತಣ್ಣಗಾದ್ರೆ ರೀಡಿಂಗ್ ಕಮ್ಮಿ ಬರತ್ತೆ.

— ಬ್ಲಾಕ್ ಎಲ್ಲಿ, ಎಷ್ಟುದ್ದ ಅನ್ನೋದಕ್ಕೆ ಡಾಪ್ಲರ್ ಸ್ಕ್ಯಾನ್. ಸೂಜಿ ಇಲ್ಲ, ಡೈ ಇಲ್ಲ, ಜೆಲ್ ಹಚ್ಚಿ ತೊಡೆಸಂದಿಯಿಂದ ಪಾದದ ತನಕ ನೋಡ್ತಾರೆ. ಇಕ್ಕಟ್ಟಾದ ಕಡೆ ರಕ್ತ ಜೋರಾಗಿ ನುಗ್ಗತ್ತಲ್ಲ, ಆ ಸ್ಪೀಡು ಅದರ ಹಿಂದಿನ ಜಾಗಕ್ಕಿಂತ ಎರಡು ಪಟ್ಟು ದಾಟಿದ್ರೆ ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ ಅಂತ ಲೆಕ್ಕ. ನಂಗೆ ಹೊಟ್ಟೆ ಒಳಗಿನ ನಾಳ ಮಾತ್ರ ಗ್ಯಾಸಿಂದ ಕಾಣ್ಲಿಲ್ಲ, ಅದಕ್ಕೆ ಸಿಟಿ ಆಂಜಿಯೋ, ಅಂದ್ರೆ ಡೈ ಹಾಕಿ ನಾಳ ನೋಡೋ ಸ್ಕ್ಯಾನ್, ಮಾಡ್ಸಿದ್ರು. ಡೈ ಹಾಕೋ ಮುಂಚೆ ಕ್ರಿಯೇಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡ್ಸಿ.

— ಎಲ್ರೂ ಮರೆಯೋದು ವೇನ್ ಮ್ಯಾಪಿಂಗ್, ಅಂದ್ರೆ ಕಾಲಿನ ವೇನ್ (ಅಭಿಧಮನಿ) ಎಷ್ಟು ದಪ್ಪ ಇದೆ ಅಂತ ಮುಂಚೆನೇ ನೋಡೋದು. ಬೈಪಾಸ್‌ಗೆ ಸಾಮಾನ್ಯವಾಗಿ ಅವ್ರದ್ದೇ ಕಾಲಿನ ವೇನ್ ತೆಗೆದು ಹಾಕ್ತಾರೆ. ನಮ್ಮ ಮಾವಂಗೆ ಮುಂಚೆ ನೋಡ್ಲೇ ಇಲ್ಲ, ಕೊಯ್ದ ಮೇಲೆ ಆ ವೇನ್ ದಾರದಷ್ಟು ಸಣ್ಣ ಅಂತ ಗೊತ್ತಾಗಿ ಇನ್ನೊಂದು ಕಾಲನ್ನೂ ಕೊಯ್ದ್ರು. ಬೈಪಾಸ್ ಆದ ಕಾಲಿಂದಕ್ಕಿಂತ ಆ ಎರಡನೇ ಗಾಯದ್ದೇ ಗೋಳಾಯ್ತು. ಅದೇ ಸ್ಕ್ಯಾನ್ ಮಷೀನಲ್ಲೇ ಆಗೋ ಕೆಲ್ಸ, ಕೇಳಿ ಮಾಡ್ಸಿ.

— ನಾನೇ, ಕೇಳಿದವ್ಳು. ಬೆರಳಿನ ಪ್ರೆಷರ್‌ಗೆ ನಾಳೆ ಬೆಳಿಗ್ಗೆನೇ ಬನ್ನಿ ಅಂದಿದಾರೆ, ವೇನ್ ವಿಷ್ಯನೂ ಚೀಟಿಲಿ ಬರ್ಕೊಂಡೆ. ಅಪ್ಪಂಗೆ ಸಾಕ್ಸ್ ಹಾಕ್ಸಿ ಕರ್ಕೊಂಡೋಗ್ತೀನಿ.